ಕಾಶಿಯಾತ್ರೆ ವಯಾ ಕುಸ್ಕೋ

ಲೀಕ್ಸ್‌ಲಿಪ್
14 ಏಪ್ರಿಲ್ 2020

ಭಾವನವರಿಗೆ,

ಎರಡು ಮೀಟರ್ ದೂರದಿಂದ ನಮಸ್ಕಾರ.

ನಿಮ್ಮ ಅಪ್ಪಣೆಯಂತೆ ಕಾಗದವನ್ನೇ ಬರೆಯುತ್ತಿದ್ದೇನೆ. ಇಡೀ ದಿನ ಐಸಿಯುನಲ್ಲಿ ಫೋನ್ ಹಿಡಿದು, ಮಲಗಿರುವವರಿಗೆ ಅವರ ಮನೆಯವರ ಮುಖ ತೋರಿಸುವುದೇ ಆಗಿದೆ, ರೂಮಿಗೆ ಬಂದ ಮೇಲೆ ಆ ಪೀಡೆಯನ್ನು ಮುಟ್ಟುವುದಿಲ್ಲ, ಏನಿದ್ದರೂ ಪೋಸ್ಟ್ ಮಾಡಲಿ ಎಂದಿರಂತೆ. ಅಕ್ಕ ಹೇಳಿದಳು. ನಾನು ಕೊನೆಯ ಸಲ ಕಾಗದ ಬರೆದದ್ದು ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ. ಇಲ್ಲದ ಊರಿನ ಇಲ್ಲದ ಗೆಳೆಯನಿಗೆ, ಪ್ರವಾಸಕ್ಕೆ ಬಾ ಎಂದು. ಐದಕ್ಕೆ ಮೂರು ಮಾರ್ಕ್ಸು ಬಂದಿತ್ತು. ಈಗಲೂ ವಿಷಯ ಅದೇ, ಪ್ರವಾಸ. ಬಾ ಎನ್ನುವಂತಿಲ್ಲ, ಅಷ್ಟೇ ವ್ಯತ್ಯಾಸ.

ಟ್ರೆಕ್ಕಿಂಗ್ ಕಂಪನಿಯ ಈಮೇಲ್ ಬಂತು. ಪೆರು ದೇಶ ಬಾಗಿಲು ಹಾಕಿದೆ. ಮುಂದಿನ ತಿಂಗಳು ನಾವಿಬ್ಬರೂ ಗೈಡಿನ ಬೆನ್ನು ಹಿಡಿದು ನಾಲ್ಕು ದಿನ ಬೆಟ್ಟ ಹತ್ತಿ ಇಳಿದು, ಇಂಕಾ ಅರಸರ ಪಾಳು ಊರನ್ನು ಬೆಳಗಿನ ಬಿಸಿಲಿನಲ್ಲಿ ನೋಡಬೇಕಿತ್ತು. ಮಚು ಪಿಚು ಅಂತೆ ಮಚು ಪಿಚು! ಈಗ ಅದು ಮುಚ್ಚು-ಬಿಚ್ಚು. ಯಾವಾಗ ಬಿಚ್ಚುತ್ತಾರೋ ಅವರಿಗೇ ಗೊತ್ತಿಲ್ಲ. ಇಂಕಾ ದಾರಿ ಹೋಗಿ ನಮಗೆ ಉಳಿದದ್ದು ಈ ಇಂಕಿನ ದಾರಿ.

ನಿಮ್ಮ ಬೇಸರ ನನಗೆ ಗೊತ್ತು. ಮೈಸೂರಿನ ಮೆಡಿಕಲ್ ಹಾಸ್ಟೆಲಿನಲ್ಲಿ ಹಳೇ ಕ್ಯಾಲೆಂಡರಿನಿಂದ ಹರಿದ ಆ ಬೆಟ್ಟದ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡವರು ನೀವು. ಮದುವೆಯಾದ ಮೇಲೆ ಚಿತ್ರ ನಿಮ್ಮ ಜೊತೆಗೇ ಐರ್ಲೆಂಡಿನ ಕಾರ್ಕ್‌ವರೆಗೂ ಬಂತು, ಬೆಟ್ಟ ಮಾತ್ರ ಇದ್ದಲ್ಲೇ ಇದೆ. ನನಗೆ ಬೇರೆ ಸಂಕಟ. ನಾನು ಈಗಷ್ಟೇ ಹುರುಪಿಗೆ ಬಂದಿದ್ದೆ. ಹತ್ತು ಕಿಲೋ ಸೋನಾ ಮಸೂರಿ ಮೂಟೆಯನ್ನು ಬ್ಯಾಗಿಗೆ ತುಂಬಿ, ಬೆನ್ನಿಗೇರಿಸಿ ದಿನಾ ಕಾಲುವೆ ದಂಡೆಯಲ್ಲಿ ನಡೆಯುತ್ತೇನೆ. ಈ ಊರಿನಲ್ಲಿ ಗುಡ್ಡವಿಲ್ಲ. ಇದ್ದರೂ ಮನೆಯಿಂದ ಎರಡು ಕಿಲೋಮೀಟರಿನ ಆಚೆಗೆ ಇರುತ್ತಿತ್ತು, ಸರ್ಕಾರ ಬಿಡುತ್ತಿರಲಿಲ್ಲ.

ಹುಷಾರು ಭಾವ. ತಮಾಷೆ ಬಿಟ್ಟು ಹೇಳುತ್ತಿದ್ದೇನೆ.

ಮನೆಯಲ್ಲೇ ಬೇರುಬಿಟ್ಟಿರುವ ನಿಮ್ಮ ಭಾಮೈದ,
ಹೇಮಚಂದ್ರ


ಕಾರ್ಕ್
3 ಮೇ 2020

ಹೇಮ,

ಐದಕ್ಕೆ ಎರಡೂವರೆ. ವಿಷಯಕ್ಕೆ ಬರುವ ಮೊದಲು ಅರ್ಧ ಪುಟ ವಟವಟ.

ನಾನು ಗ್ರ್ಯಾಂಡ್. ಇಪ್ಪತ್ತು ವರ್ಷದಲ್ಲಿ ಈ ದೇಶದಿಂದ ಕಲಿತದ್ದು, ಚೆನ್ನಾಗಿದ್ದೇನೆ ಎನ್ನಲು ಈ ಒಂದು ಮಾತು. ಕಾಲು ಮುರಿದುಕೊಂಡವನೂ ಗ್ರ್ಯಾಂಡ್, ಅವನಿಗೆ ಅರಿವಳಿಕೆ ಕೊಡುವ ನಾನೂ ಗ್ರ್ಯಾಂಡ್. ಹಾಗೆಂದರೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಇಷ್ಟು ಸುಲಭದ ಅರಿವಳಿಕೆ ನನ್ನ ಟ್ರಾಲಿಯಲ್ಲೂ ಇಲ್ಲ.

ಸೋಂಕು ಮನೆಗೆ ಒಯ್ಯಬಾರದೆಂದು ಪ್ಯಾಟ್ರಿಕ್ಸ್ ಹಿಲ್ ರಸ್ತೆಯ ಬುಡದಲ್ಲಿ ರೂಮು ಮಾಡಿದ್ದೇನೆ. ಬಸ್ಸು ಹತ್ತಬೇಡ ಎಂದು ನಿಮ್ಮಕ್ಕನಿಗೆ ಹೇಳಿದ್ದೇನೆ. ಆದರೂ ದಿನಾ ಡಬ್ಬಿ ಬರುತ್ತದೆ. ಬಾಗಿಲಲ್ಲಿ ಇಟ್ಟು, ರಸ್ತೆಯ ಆಚೆ ನಿಂತು ಕೈ ಬೀಸುತ್ತಾಳೆ, ನಾನು ಕಿಟಕಿಯಿಂದ ಬೀಸುತ್ತೇನೆ. ಮದುವೆಗೆ ಮುಂಚೆ ಹೀಗೆ ಮಾಡಿದ್ದರೆ ನಿಮ್ಮಪ್ಪ ನನಗೆ ಮೂಳೆ ಡಾಕ್ಟರನ್ನು ತೋರಿಸುತ್ತಿದ್ದರು.

ಗೈಡ್ ಎಡ್ಗರ್ ಬರೆದಿದ್ದಾನೆ. ಕೆಲಸವಿಲ್ಲದೆ ತನ್ನ ಹಳ್ಳಿಗೆ ಹೋಗಿ ಆಲೂಗಡ್ಡೆ ನೆಡುತ್ತಿದ್ದಾನಂತೆ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ, ಕಾಲು ಮಾತ್ರ ಗಟ್ಟಿಯಾಗಿಟ್ಟುಕೊಳ್ಳಿ ಎಂದಿದ್ದಾನೆ. ನೀನು ಕ್ಯಾನ್ಸಲ್ ಗೀನ್ಸಲ್ ಎಂದು ಕಂಪನಿಗೆ ಬರೆಯಬೇಡ. ಮುಂದಿನ ಮೇ ತಿಂಗಳಿಗೆ ಹಾಕಿಸಿದ್ದೇನೆ. ಈ ವಾರ್ಡಿನಿಂದ ಹೊರಗೆ ಬಂದಾಗ ಕಣ್ಣ ಮುಂದೆ ಇಟ್ಟುಕೊಳ್ಳಲು ನನಗೆ ಇರುವುದು ಅದೊಂದೇ.

ಸತ್ಯಪ್ರಕಾಶ್


ಲೀಕ್ಸ್‌ಲಿಪ್
16 ಆಗಸ್ಟ್ 2020

ಭಾವ,

ಜುಲೈನಲ್ಲಿ ದೇಶದ ರಸ್ತೆಗಳೆಲ್ಲ ತೆರೆದವು. ಆಗ ನಿಮಗೆ ರಜೆ ಇಲ್ಲ. ಈಗ ನಿಮಗೆ ರಜೆ ಸಿಕ್ಕಿತು. ಸರ್ಕಾರ ನಮ್ಮ ಜಿಲ್ಲೆಗೆ ಬೀಗ ಹಾಕಿತು. ಇಡೀ ಐರ್ಲೆಂಡಿನಲ್ಲಿ ಮೂರೇ ಜಿಲ್ಲೆಗೆ, ಅದರಲ್ಲಿ ನಮ್ಮದೊಂದು. ಇಲ್ಲಿಂದ ಒಂದು ಕಲ್ಲೆಸೆದರೆ ಡಬ್ಲಿನ್ ಜಿಲ್ಲೆಗೆ ಬೀಳುತ್ತದೆ. ಕಲ್ಲು ಹೋಗಬಹುದು, ನಾನು ಹೋಗುವಂತಿಲ್ಲ. ಕಿಲ್‌ಡೇರ್ ಎಂದು ನಮ್ಮ ಜಿಲ್ಲೆಗೆ ಹೆಸರಿಟ್ಟವನು ಮುಂದಾಲೋಚನೆಯವನು. ಕಿಲ್ಲೂ ಇದೆ, ದಾಟಲು ಡೇರ್ ಇದೆಯಾ ಎಂಬ ಸವಾಲೂ ಇದೆ.

ಅಭ್ಯಾಸಕ್ಕೆಂದು ಕ್ಯಾರನ್‌ಟೂಹಿಲ್ ಹತ್ತೋಣ ಎಂದಿದ್ದಿರಿ. ಈ ದೇಶದ ಅತಿ ಎತ್ತರದ ಬೆಟ್ಟಕ್ಕೆ ನಮಸ್ಕಾರ ತಿಳಿಸಿ, ನಾನು ಬರುತ್ತಿಲ್ಲ.

ಇನ್ನೊಂದು ಅವಮಾನ. ಅಕ್ಕಿ ಮೂಟೆ ಹೊತ್ತು ನಡೆಯುವುದು ವಾರದಿಂದ ವಾರಕ್ಕೆ ಹಗುರವಾಗುತ್ತಿತ್ತು. ಗಟ್ಟಿಮುಟ್ಟಾಗುತ್ತಿದ್ದೇನೆ ಎಂದು ಹೆಂಡತಿಯ ಮುಂದೆ ಎದೆಯುಬ್ಬಿಸಿದೆ. ವಿನೋದಿನಿ ನಕ್ಕಳು. ಅಂಗಡಿಯ ಕ್ಯೂನಲ್ಲಿ ಯಾರು ನಿಲ್ತಾರೆ ಎಂದು ಅವಳು ನನ್ನ ಬ್ಯಾಗಿನಿಂದಲೇ ವಾರಕ್ಕೆ ಎರಡು ಪಾವು ತೆಗೆದು ಅನ್ನ ಮಾಡುತ್ತಿದ್ದಳಂತೆ. ನಾಲ್ಕು ತಿಂಗಳ ನನ್ನ ತಪಸ್ಸನ್ನು ಹುಳಿಯ ಜೊತೆ ಕಲಸಿಕೊಂಡು ತಿಂದಿದ್ದೇವೆ.

ನಮ್ಮ ಕಂಪ್ಯೂಟರ್ ಚಿಪ್ ಕಾರ್ಖಾನೆಗೆ ಮಾತ್ರ ರಜೆ ಇಲ್ಲ. ನಾವು ಮೊದಲಿನಿಂದಲೂ ಮುಸುಕು ಹಾಕಿಕೊಂಡೇ ದುಡಿಯುವವರು. ಆಗ ಚಿಪ್ಪಿಗೆ ನಮ್ಮ ಧೂಳಿನಿಂದ ರಕ್ಷಣೆ, ಈಗ ನಮಗೆ ನಮ್ಮಿಂದಲೇ.

ಮುಂದಿನ ಮೇ ಆದರೂ ಆಗುತ್ತದಾ ಭಾವ? ನಿಮ್ಮ ಹುಚ್ಚಿಗೆ ಜೊತೆಗೆಂದು ಹ್ಞೂಂ ಅಂದವನು ನಾನು. ಈಗ ನನಗೇ ಹುಚ್ಚು ಹಿಡಿದಿದೆ. ಇದು ಅಂಟುರೋಗ ಎಂದು ನೀವು ಮೊದಲೇ ಹೇಳಬೇಕಿತ್ತು.

ಹೇಮಚಂದ್ರ


ಹಾಲಿಹಿಲ್, ಕಾರ್ಕ್
6 ಫೆಬ್ರವರಿ 2021

ಹೇಮು,

ಫೋನಲ್ಲಿ ಮಾತಾಡಿದ್ರೆ ಅವರಿಗೆ ಕೇಳಿಸುತ್ತೆ. ಅದಕ್ಕೇ ಈ ಕಾಗದ.

ನಿಮ್ಮ ಭಾವ ಮನೆಗೆ ಬಂದರು. ಬೇರೆಯವರನ್ನ ಮಲಗಿಸ್ತಿದ್ದ ವಾರ್ಡಿನಲ್ಲಿ ತಾವೇ ಮಲಗಿ, ತಾವೇ ಎದ್ದು ಬಂದಿದ್ದಾರೆ. ಆ ದಿನಗಳ ವಿಷಯ ಬರೆಯಲ್ಲ. ನಿನಗೆ ಬರೋಕಾಗಲಿಲ್ಲ ಅಂತ ನೀನು ಕೊರಗಬೇಡ, ಇದೇ ಊರಿನಲ್ಲಿದ್ದ ನನಗೇ ಒಳಗೆ ಬಿಡಲಿಲ್ಲ. ಯಾರೋ ನರ್ಸು ಫೋನ್ ಹಿಡಿದು ಅವರ ಮುಖ ತೋರಿಸಿದಳು.

ಸ್ಕ್ಯಾನಿನಲ್ಲಿ ಶ್ವಾಸಕೋಶದ ಮೇಲೆ ಕಲೆ ಉಳಿದಿದೆ. ಎತ್ತರದ ಜಾಗಗಳನ್ನ ಇನ್ನು ಮರೆತುಬಿಡು ಅಂತ ಅವರ ಸ್ನೇಹಿತ ಡಾಕ್ಟರೇ ಎದುರಿಗೆ ಕೂತು ಹೇಳಿದರು. ಇವರು ಕೇಳಿಸಿಕೊಂಡು, ಗ್ರ್ಯಾಂಡ್ ಅಂದು, ಮನೆಗೆ ಬಂದು ಎಡ್ಗರ್‌ಗೆ ಈಮೇಲ್ ಮಾಡಿದರು. ಇನ್ನೂ ಒಂದು ವರ್ಷ ಮುಂದಕ್ಕೆ ಹಾಕು, ಬಂದೇ ಬರ್ತೀನಿ ಅಂತ. ಮಹಡಿ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತು ಗೋಡೆ ಮೇಲಿನ ಫೋಟೋ ಸರಿಮಾಡ್ತಾರೆ. ಆ ಫೋಟೋ ನೆಟ್ಟಗೇ ಇದೆ.

ನಮ್ಮ ಮದುವೆಯಲ್ಲಿ ಕಾಶಿಯಾತ್ರೆಗೆ ಹೊರಟವರನ್ನ ತಡೆದು ವಾಪಸ್ ಕರ್ಕೊಂಡು ಬಂದವನು ನೀನು. ಇನ್ನೊಂದು ಸಲ ತಡಿ. ನನ್ನ ಮಾತು ಅವರ ಕಿವಿಗೆ ಹೋಗಲ್ಲ.

ಅಕ್ಕ


ಲೀಕ್ಸ್‌ಲಿಪ್
20 ಫೆಬ್ರವರಿ 2021

ಭಾವ,

ನಿಮ್ಮ ಅಕ್ಷರ ಕಾಣದೆ ಬಹಳ ದಿನವಾಯಿತು. ಅದಕ್ಕೆ ನಾನೇ ಒಂದು ಹಳೆಯ ಕಥೆ ಹೇಳುತ್ತೇನೆ.

ಮೈಸೂರು, ಮದುವೆ ಛತ್ರ. ಮದುಮಗ ಪಂಚೆಯುಟ್ಟು, ಕೈಯಲ್ಲಿ ಛತ್ರಿ, ಕೋಲು, ಕಾಲಿಗೆ ಕಚ್ಚುವ ಹೊಸ ಚಪ್ಪಲಿ. ನನಗೆ ಸಂಸಾರ ಬೇಡ, ಕಾಶಿಗೆ ಹೋಗುತ್ತೇನೆ ಎಂದು ಛತ್ರ ಬಿಟ್ಟು ಛತ್ರಿ ಹಿಡಿದು ಹೊರಟ. ಇದು ನಾಟಕ ಎಂದು ಎಲ್ಲರಿಗೂ ಗೊತ್ತು. ನಾಲ್ಕು ಹೆಜ್ಜೆ ಇಟ್ಟು ನಿಲ್ಲಬೇಕು, ಹೆಣ್ಣಿನ ತಮ್ಮ ಬಂದು ತಡೆಯಬೇಕು. ನೀವು ನಿಲ್ಲಲಿಲ್ಲ. ಗೇಟು ದಾಟಿ, ಆಟೋ ಸ್ಟ್ಯಾಂಡಿನ ತನಕ ಹೋದಿರಿ. ಒಂಬತ್ತನೇ ಕ್ಲಾಸಿನ ನಾನು ಒಂದು ಕೈಯಲ್ಲಿ ಬೆಲ್ಲ, ಇನ್ನೊಂದರಲ್ಲಿ ತೆಂಗಿನಕಾಯಿ ಹಿಡಿದು, ಜಾರುವ ಪಂಚೆಯನ್ನು ಮೊಣಕೈಯಲ್ಲಿ ಒತ್ತಿಕೊಂಡು ಹಿಂದೆ ಓಡಿದೆ. ಪುರೋಹಿತರು ಹೇಳಿಕೊಟ್ಟ ಮಾತನ್ನು ಏದುಸಿರಿನಲ್ಲಿ ಒಪ್ಪಿಸಿದೆ: ಈಗ ಬೇಡ, ನಮ್ಮಕ್ಕನ ಕೈ ಹಿಡಿಯಿರಿ, ಆಮೇಲೆ ಇಬ್ಬರೂ ಜೊತೆಯಾಗಿ ಕಾಶಿಗೆ ಹೋಗಿ ಅಂತ. ಆಟೋದವನು ಮೀಟರ್ ಹಾಕಲಾ ಸಾರ್ ಎಂದು ಕೇಳಿದ. ನೀವು ನಕ್ಕು ತಿರುಗಿದಿರಿ.

ಭಾವ, ಈ ಸಲವೂ ಬೇಡ. ನಡಿಗೆಯ ಎರಡನೇ ದಿನ ದಾಟಬೇಕಾದ ಘಾಟಿಯ ಹೆಸರೇ ಸತ್ತ ಹೆಂಗಸಿನ ಘಾಟಿ. ಅಲ್ಲಿ ಗಾಳಿ ತೆಳು ಎಂದು ನನಗೆ ಪಾಠ ಹೇಳಿದವರೇ ನೀವು. ಅಕ್ಕಿ ಮೂಟೆ ಇಳಿಸಲು ನಾನು ಸಿದ್ಧ. ನೀವೂ ಇಳಿಸಿಬಿಡಿ.

ಬೆಲ್ಲ, ಕಾಯಿ ಹಿಡಿದು ನಿಂತಿರುವ,
ಹೇಮಚಂದ್ರ


ಕಾರ್ಕ್
8 ಮಾರ್ಚ್ 2021

ಹೇಮಚಂದ್ರ,

ನಿನ್ನ ಕಾಗದದಲ್ಲಿ ನಿಮ್ಮಕ್ಕನ ದನಿ ಕೇಳಿಸಿತು.

ಬೇರೆಯವರ ಉಸಿರು ಕಾಯುವುದು ನನ್ನ ಕಸುಬು. ನನ್ನ ಉಸಿರಿನ ವಿಷಯವನ್ನು ಚಿಪ್ ಮಾಡುವವನಿಂದ ಹೇಳಿಸಿಕೊಳ್ಳುವ ಅಗತ್ಯವಿಲ್ಲ. ಈ ಒಂದು ವರ್ಷ ಎಲ್ಲರೂ ನನಗೆ ಬೇಡ ಎಂದೇ ಹೇಳಿದ್ದಾರೆ. ಮನೆಗೆ ಬೇಡ, ಐದು ಕಿಲೋಮೀಟರ್ ದಾಟಬೇಡ, ಡ್ಯೂಟಿಗೆ ಈಗಲೇ ಬೇಡ. ನೀನೊಬ್ಬ ಬಾಕಿ ಇದ್ದೆ.

2022ರ ಮೇ ತಿಂಗಳು ಎಂದು ಎಡ್ಗರ್‌ಗೆ ಬರೆದಾಗಿದೆ. ಬರುವುದಾದರೆ ಬಾ. ಬರದಿದ್ದರೆ ಕಾಗದ ಬೇಡ.

ಸತ್ಯಪ್ರಕಾಶ್


ಲೀಕ್ಸ್‌ಲಿಪ್
18 ಮೇ 2021

ಅಕ್ಕ,

ಜಿಲ್ಲೆ ದಾಟಲು ಬಿಟ್ಟ ವಾರವೇ ಓಡಿ ಬಂದೆನಲ್ಲ, ವಾಪಸ್ ಬಂದ ಮೇಲೆ ಮನಸ್ಸು ಸರಿಯಿಲ್ಲ. ಭಾವ ಬಾಗಿಲು ತೆಗೆದು, ಬಂದ್ಯಾ ಎಂದು ಪೇಪರ್ ಓದಲು ಕೂತರು. ಮಾರ್ಚ್ ತಿಂಗಳ ಕಾಗದ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿನ್ನ ಬಿಸಿಬೇಳೆಬಾತಿನ ಖಾರದ ಬಗ್ಗೆ ಇಬ್ಬರೂ ಅಷ್ಟು ಹೊತ್ತು ಮಾತಾಡಿದ್ದು ಅದಕ್ಕೇ.

ಸಂಜೆ ಅವರೇ, ಪ್ಯಾಟ್ರಿಕ್ಸ್ ಹಿಲ್ ಹತ್ತೋಣ ಬಾ, ನನ್ನ ಫಿಟ್‌ನೆಸ್ ನೋಡುವೆಯಂತೆ ಎಂದರು. ನೀನೂ ಬಂದೆ. ಗೋಡೆಯನ್ನು ಮಲಗಿಸಿ ಟಾರು ಹಾಕಿದಂಥ ರಸ್ತೆ ಅದು. ನೀನು ಮುಂದೆ ಹೋದೆ. ನಾವಿಬ್ಬರೂ ಹಿಂದೆ. ಕಾಲು ಭಾಗ ಹತ್ತುವಷ್ಟರಲ್ಲಿ ಅವರ ಮಾತು ನಿಂತಿತು. ಇನ್ನೊಂದು ಚೂರು ಮೇಲೆ ಹೋಗಿ, ಶೂ ಲೇಸ್ ಬಿಚ್ಚಿದೆ ಎಂದು ಬಗ್ಗಿದರು. ಬಗ್ಗಿದವರು ತುಂಬಾ ಹೊತ್ತು ಏಳಲಿಲ್ಲ.

ಅಕ್ಕ, ಅವರ ಶೂಗೆ ಲೇಸೇ ಇರಲಿಲ್ಲ. ಸುಮ್ಮನೆ ತೂರಿಸಿಕೊಳ್ಳುವ ಶೂ ಅದು.

ನಾನು ತಿರುಗಿ ನಿಂತು ಕೆಳಗಿನ ಊರನ್ನು ಹೊಗಳಿದೆ. ಹೊಳೆ ಚೆಂದ, ಚರ್ಚಿನ ಗೋಪುರ ಚೆಂದ, ಎಲ್ಲ ಚೆಂದ. ಅವರು ಎದ್ದು, ಗ್ರ್ಯಾಂಡ್ ಅಲ್ವಾ ಎಂದರು. ನಾನು ಗ್ರ್ಯಾಂಡ್ ಎಂದೆ. ತಡೆಯಬೇಕಾದವನು ಹಾಗೆ ತಡೆದೆ ನೋಡು.

ನನಗೆ ಒಂದು ದಾರಿ ಹೊಳೆದಿದೆ. ಆ ಪಾಳು ಊರು ಅಷ್ಟೇನೂ ಎತ್ತರವಿಲ್ಲ, ಅಲ್ಲಿಗೆ ರೈಲೂ ಇದೆ. ನಾನು ನಡೆದು ಬರುತ್ತೇನೆ, ಅವರು ರೈಲಿನಲ್ಲಿ ಬರಲಿ. ನೀನು ಹೇಳಿ ನೋಡು. ನೀನು ಗುಡ್ಡದ ತುದಿಯಲ್ಲಿ ನೀರಿನ ಬಾಟಲಿ ಹಿಡಿದು ಕಾಯುತ್ತಿದ್ದಿದ್ದು ನೋಡಿ ಪಾಪ ಅನ್ನಿಸಿತು.

ಹೇಮು


ಹಾಲಿಹಿಲ್, ಕಾರ್ಕ್
5 ಜೂನ್ 2021

ಹೇಮು,

ನಿನ್ನ ರೈಲು ಬಿಡುವ ಬುದ್ಧಿ ಇನ್ನೂ ಹೋಗಿಲ್ಲ. ರೈಲು ಹತ್ತೋಕೆ ಮೊದಲು ಕುಸ್ಕೋದಲ್ಲಿ ವಿಮಾನ ಇಳೀಬೇಕು. ಕುಸ್ಕೋ ಆ ಪಾಳು ಊರಿಗಿಂತ ಎತ್ತರದಲ್ಲಿದೆ. ಕೆಳಗಿನ ಊರಿಗೆ ಮೇಲಿನ ಊರಿಂದಲೇ ಹೋಗಬೇಕು. ಇದನ್ನ ನಾನು ಯಾವತ್ತೋ ಓದಿ ನೋಡಿದ್ದೀನಿ. ಅವರ ಸ್ನೇಹಿತ ಡಾಕ್ಟರನ್ನೂ ಕೇಳಿದ್ದೀನಿ. ಆಗಲ್ಲ.

ಇನ್ನು ಪಾಪದ ವಿಷಯ. ನಾನು ಮುಂದೆ ಹೋದೆ ಅಂತ ಬರೆದಿದ್ದೀಯ. ಯಾಕೆ ಮುಂದೆ ಹೋದೆ ಅಂತ ನಿನಗೂ ಹೊಳೀಲಿಲ್ಲ. ಅವರು ರೂಮಿನಲ್ಲಿದ್ದ ಅಷ್ಟೂ ತಿಂಗಳು ದಿನಾ ಡಬ್ಬಿ ಹೋಯಿತಲ್ಲ, ಅದು ತಾನಾಗಿ ಹೋಯಿತಾ? ಬಸ್ಸು ಬೇಡ ಅಂದಿದ್ದರು. ಹಾಲಿಹಿಲ್‌ನಿಂದ ಇಳಿದು ಹೋಗಿ, ಆ ಗುಡ್ಡ ಹತ್ತಿ ವಾಪಸ್ ಬರ್ತಿದ್ದೆ. ಮಳೆಯಲ್ಲಿ, ಗಾಳಿಯಲ್ಲಿ. ಒಂದು ಸಲ ಪೊಲೀಸಿನವನು ತಡೆದು ಎಲ್ಲಿಗೆ ಅಂತ ಕೇಳಿದ. ಮುಚ್ಚಳ ತೆಗೆದು ಸಾರಿನ ವಾಸನೆ ತೋರಿಸಿದೆ, ಅವನೇ ರಸ್ತೆ ದಾಟಿಸಿದ. ನೀನು ಅಕ್ಕಿ ಹೊತ್ತು ಟ್ರೇನಿಂಗ್ ಅಂದೆ. ನಾನು ಅನ್ನ ಹೊತ್ತೆ, ಅದಕ್ಕೆ ಹೆಸರೇ ಇಲ್ಲ.

ಕಾಶಿಯಾತ್ರೆ ಕಥೆ ಅವರಿಗೆ ಬರೆದಿದ್ದೆಯಲ್ಲ, ಆ ಕಾಗದ ಊಟದ ಮೇಜಿನ ಮೇಲೆ ಬಿದ್ದಿತ್ತು, ಓದಿದೆ. ಇಬ್ಬರೂ ಜೊತೆಯಾಗಿ ಹೋಗಿ ಅಂತ ಹೇಳಿ ಕರ್ಕೊಂಡು ಬಂದವನು ನೀನೇ. ಆಮೇಲೆ ನೀನೇ ಅವರ ಜೊತೆ ಟಿಕೆಟ್ ತಗೊಂಡೆ. ನೀನೂ ಬರ್ತೀಯಾ ಅಂತ ನಿಮ್ಮಿಬ್ಬರಲ್ಲಿ ಒಬ್ಬರಾದರೂ ನನ್ನನ್ನ ಕೇಳಿದಿರಾ?

ಅವರ ಜಾಗಕ್ಕೆ ನಾನು ಬರ್ತೀನಿ. ಸತ್ತ ಹೆಂಗಸಿನ ಘಾಟಿ ಅಂತೆ, ಬದುಕಿರೋ ಹೆಂಗಸೊಬ್ಬಳು ಹತ್ತಿ ನೋಡಲಿ. ಅವರಿಗೆ ನಾನೇ ಹೇಳ್ತೀನಿ. ನೀನು ಮಧ್ಯೆ ಬಂದು ಪನ್ ಗಿನ್ ಅಂತ ಕೆಡಿಸಬೇಡ.

ಅನಸೂಯಾ


ಕಾರ್ಕ್
24 ಅಕ್ಟೋಬರ್ 2021

ಹೇಮ,

ಕಾಗದ ಬೇಡ ಎಂದವನೇ ಬರೆಯುತ್ತಿದ್ದೇನೆ. ನಗಬೇಡ.

ಜೂನ್‌ನಲ್ಲಿ ನಿಮ್ಮಕ್ಕ ದೋಸೆ ಹುಯ್ಯುತ್ತಾ, ನಿಮ್ಮ ಬದಲು ನಾನು ಹೋಗ್ತೀನಿ ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಆಮೇಲೆ ಈ ಮನೆಯಲ್ಲಿ ಉಪ್ಪು ಬೇಕಾ, ಸಾಕು, ಕಸದ ದಿನ ಇವತ್ತಾ ಎಂಬುದನ್ನು ಬಿಟ್ಟು ಬೇರೆ ಮಾತು ಇರಲಿಲ್ಲ. ನನ್ನದನ್ನು ಕಿತ್ತುಕೊಳ್ಳುತ್ತಿದ್ದಾಳೆ ಎಂದೇ ನಾನು ಕುದಿಯುತ್ತಿದ್ದೆ. ನನ್ನ ಹಾಸ್ಟೆಲ್ ಗೋಡೆ, ನನ್ನ ಬೆಟ್ಟ, ನನ್ನ ಎಡ್ಗರ್. ಅವಳಿಗೇನು ಗೊತ್ತು ಇಂಕಾ ಮಂಕಾ.

ಹೋದ ಭಾನುವಾರ ಅವಳನ್ನು ಸೋಲಿಸಲೆಂದೇ ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ಜೇಬಿಗೆ ಹಾಕಿಕೊಂಡು ಪ್ಯಾಟ್ರಿಕ್ಸ್ ಹಿಲ್‌ಗೆ ಕರೆದೊಯ್ದೆ. ಅವಳು ಹತ್ತಿದಳು, ನಾನು ಟ್ಯಾಕ್ಸಿಯಲ್ಲಿ ತುದಿಗೆ ಹೋಗಿ ಕಾದೆ. ಬಂದ ತಕ್ಷಣ ಬೆರಳಿಗೆ ಸಿಕ್ಕಿಸಿದೆ. ಟ್ಯಾಕ್ಸಿಯಲ್ಲಿ ಕೂತು ಬಂದ ನನ್ನದಕ್ಕಿಂತ ಅವಳ ಅಂಕೆ ಮೇಲಿತ್ತು. ಕ್ಲಿಪ್ ಕೆಟ್ಟಿರಬೇಕೆಂದು ಮೂರು ಸಲ ನೋಡಿದೆ. ಅವಳು ಬೆರಳು ಕೊಟ್ಟುಕೊಂಡು, ರಾತ್ರಿ ಊಟಕ್ಕೆ ಚಪಾತಿನಾ ಅನ್ನಾನಾ ಎಂದು ಕೇಳುತ್ತಿದ್ದಳು.

ಆಪರೇಷನ್‌ಗೆ ಮುಂಚೆ ರೋಗಿಯ ಫೈಲಿನ ಮೇಲೆ ಫಿಟ್, ಅನ್‌ಫಿಟ್ ಎಂದು ಬರೆಯುವವನು ನಾನೇ. ಎಷ್ಟೋ ಜನ ಅತ್ತುಕೊಂಡು ಕೇಳಿದ್ದಾರೆ, ಆದರೂ ಬರೆದಿದ್ದೇನೆ. ನನ್ನದರ ಮೇಲೆ ಬರೆಯಲು ಕೈ ಬರುತ್ತಿಲ್ಲ. ಸದ್ಯಕ್ಕೆ ಅವಳದರ ಮೇಲೆ ಫಿಟ್ ಎಂದು ಬರೆದಿದ್ದೇನೆ.

ಹೆಸರು ಬದಲಾಯಿಸು ಎಂದು ಎಡ್ಗರ್‌ಗೆ ಹೇಳಿದೆ. ಖುಷಿಯಾಗಿ ಹೇಳಿದೆ ಎಂದು ತಿಳಿಯಬೇಡ.

ಸತ್ಯಪ್ರಕಾಶ್


ಕಾರ್ಕ್
7 ಮೇ 2022

ಹೇಮ,

ಇದನ್ನು ನೀನು ಓದುವುದು ವಾಪಸ್ ಬಂದ ಮೇಲೆ. ಈ ಹೊತ್ತಿಗೆ ನಿಮ್ಮಕ್ಕನ ಬಸ್ಸು ಡಬ್ಲಿನ್ ಏರ್‌ಪೋರ್ಟ್ ಮುಟ್ಟಿರಬೇಕು, ನೀನು ಬ್ಯಾಗಿನ ಮೇಲೆ ಕೂತು ಅವಳಿಗೆ ಏನೋ ಕೆಟ್ಟ ಜೋಕ್ ಹೇಳುತ್ತಿರಬೇಕು.

ಬೆಳಿಗ್ಗೆ ಹೊಳೆ ದಂಡೆಯ ಸ್ಟಾಪಿಗೆ ಬಿಡಲು ಹೋಗಿದ್ದೆ. ಇಲ್ಲಿನ ಮಾಮೂಲಿ ಮಳೆ. ನನ್ನ ಛತ್ರಿ ಅವಳ ಕೈಯಲ್ಲಿ, ನಾನು ಕೊಂಡಿಟ್ಟಿದ್ದ ಬೆಟ್ಟದ ಕೋಲು ಬ್ಯಾಗಿನಲ್ಲಿ, ಕಾಲಿಗೆ ಹೊಸ ಬೂಟು. ಬಸ್ಸಿನ ಕಡೆ ನಾಲ್ಕು ಹೆಜ್ಜೆ ಹೋದವಳು ನಿಂತು ತಿರುಗಿ ನೋಡಿದಳು. ಮಂಡಿ ನೋವು ಬಂದರೆ, ತಲೆ ಸುತ್ತಿದರೆ, ಆ ಘಾಟಿಯಲ್ಲಿ ಮಂಜು ಬಿದ್ದರೆ ಎಂದು ತಡೆಯಲು ಇಡೀ ದಾರಿ ನನ್ನ ಹತ್ತಿರ ಮಾತು ಸಿದ್ಧವಿತ್ತು. ಡ್ರೈವರ್ ಹಾರ್ನ್ ಮಾಡಿದ. ಬ್ಯಾಗು ಎತ್ತಿ ಕೊಟ್ಟೆ. ಹೋಗಿ ಬಾ ಎಂದೆ. ಕಿಟಕಿ ಪಕ್ಕ ಕೂತು ಕೈ ಬೀಸಿದಳು. ಈ ಸಲ ಅವಳು ಒಳಗೆ, ನಾನು ರಸ್ತೆಯಲ್ಲಿ.

ಬಸ್ಸು ಹೋದ ಮೇಲೆ ಏನು ಮಾಡಬೇಕೆಂದು ತೋಚಲಿಲ್ಲ. ಎದುರಿಗೇ ಪ್ಯಾಟ್ರಿಕ್ಸ್ ಹಿಲ್. ಹತ್ತಿದೆ. ಅರ್ಧಕ್ಕೂ ಬರಲಿಲ್ಲ. ಲೇಸಿರುವ ಶೂವನ್ನೇ ಹಾಕಿದ್ದೆ, ಆದರೂ ಬಗ್ಗಲಿಲ್ಲ. ನೀನು ಅವತ್ತು ಊರು ಚೆಂದ, ಹೊಳೆ ಚೆಂದ ಎಂದು ಬಡಬಡಿಸಿದ್ದು ಯಾಕೆಂದು ನನಗೆ ಅವತ್ತೇ ಗೊತ್ತಿತ್ತು. ಯಾರದೋ ಮನೆಯ ಮೆಟ್ಟಿಲ ಮೇಲೆ, ಎಲ್ಲರಿಗೂ ಕಾಣುವಂತೆ ಕೂತುಬಿಟ್ಟೆ.

ಅಂಗಡಿ ಚೀಲ ಹಿಡಿದ ಒಬ್ಬ ಅಜ್ಜಿ ಬಂದು ನಿಂತರು. ಆರ್ ಯೂ ಗ್ರ್ಯಾಂಡ್ ದೇರ್ ಎಂದು ಕೇಳಿದರು.

"ನೋ," ಅಂದೆ.

ಈ ಊರಿನಲ್ಲಿ ಆ ಪ್ರಶ್ನೆಗೆ ಆ ಉತ್ತರ ಯಾರೂ ಕೊಡುವುದಿಲ್ಲ. ಅಜ್ಜಿ ಚೀಲ ಕೆಳಗಿಟ್ಟು, ಮೆಟ್ಟಿಲ ಮೇಲಿನ ನೀರನ್ನು ಕೈಯಲ್ಲೇ ಒರೆಸಿ ನನ್ನ ಪಕ್ಕದಲ್ಲಿ ಕೂತರು. ಮಳೆ ಹಾಗೇ ಇತ್ತು. ಇಬ್ಬರ ಹತ್ತಿರವೂ ಛತ್ರಿ ಇರಲಿಲ್ಲ.

ನಿನ್ನ ಭಾವ,
ಸತ್ಯಪ್ರಕಾಶ್